ಸ್ಪೈಡರ್‌ಮ್ಯಾನ್ ಅಂದು ಏಕೆ ಬರಲಿಲ್ಲ?

2022ರ ಆಗಸ್ಟ್ ತಿಂಗಳ ಎರಡನೆಯ ವಾರ. ಸುಳ್ಯ ತಾಲ್ಲೂಕಿನ ಕೊಲ್ಲಮೊಗ್ರುವಿನಲ್ಲಿರುವ ತಂಗಿಯ ಮನೆಯ ಜಗಲಿಯಲ್ಲಿ ಕುಳಿತಿದ್ದೆ. ಮಳೆ ಆಗಷ್ಟೇ ಹೊಳವಾಗಿತ್ತು. ಅಂಗಳದ ಕೆಳಗಿನ ಅಡಿಕೆ ತೋಟದಲ್ಲಿ ಹೊಳೆ ತಂದು ಸುರಿದ ಮರಳು ಹಾಗೆಯೇ ಬಿದ್ದಿತ್ತು. ತೋಟದಿಂದ ಆಚೆ ದಡಕ್ಕೆ ದಾಟಲು ಇದ್ದ ಸಂಕ ಮಾತ್ರ ಇರಲಿಲ್ಲ. ಐದು ವರ್ಷದ ಸೋದರಳಿಯ ಕೆಂಪು, ನೀಲಿ ಬಣ್ಣದ ರೈನ್‌ಕೋಟ್ ತೊಟ್ಟು ಜಗಲಿಯ ಕಂಬಕ್ಕೆ ಜೋತುಬಿದ್ದಿದ್ದ. ರೈನ್‌ಕೋಟಿನ ಎದೆಯ ಮೇಲೆ ದೊಡ್ಡದೊಂದು ಜೇಡ. ಎರಡು ಬೆರಳು ಮಡಚಿ ನನ್ನತ್ತ ಒಮ್ಮೆ ಬಲೆ ಎಸೆದವನು, ಇದ್ದಕ್ಕಿದ್ದಂತೆ ಆಟ ನಿಲ್ಲಿಸಿ ಕೇಳಿದ:

“ಮಾವ, ಆ ದಿನ ಸ್ಪೈಡರ್‌ಮ್ಯಾನ್ ಯಾಕೆ ಬರ್ಲಿಲ್ಲ?”

‘ಆ ದಿನ’ ಎಂದರೆ ಆಗಸ್ಟ್ 1. ಪಶ್ಚಿಮ ಘಟ್ಟದ ತಪ್ಪಲಿನ ಕೊಲ್ಲಮೊಗ್ರು, ಹರಿಹರ ಪಲ್ಲತ್ತಡ್ಕ, ಕಲ್ಮಕಾರು ಗ್ರಾಮಗಳಲ್ಲಿ ಹೊಳೆಗಳು ಉಕ್ಕಿ ತೋಟ, ಮನೆ, ಅಂಗಡಿಗಳಿಗೆ ನುಗ್ಗಿದ ದಿನ. ಅದೇ ಸಂಜೆ ಸುಬ್ರಹ್ಮಣ್ಯದ ಪರ್ವತಮುಖಿಯಲ್ಲಿ ಮನೆಯ ಮೇಲೆ ಗುಡ್ಡ ಕುಸಿದು ಇಬ್ಬರು ಪುಟ್ಟ ಬಾಲಕಿಯರು ಅಸುನೀಗಿದ್ದರು. ಅದಕ್ಕೂ ಒಂದು ತಿಂಗಳ ಮೊದಲು, ಜೂನ್ ಕೊನೆಯ ವಾರದಿಂದ, ಸುಳ್ಯ ಮತ್ತು ಕೊಡಗಿನ ಗಡಿಭಾಗದಲ್ಲಿ ಭೂಮಿ ಮತ್ತೆ ಮತ್ತೆ ಸಣ್ಣದಾಗಿ ನಡುಗಿತ್ತು. ದೊಡ್ಡವರೇ ರಾತ್ರಿ ನಿದ್ದೆಗೆಟ್ಟಿದ್ದರು. ಈ ಮಗು ಎಲ್ಲವನ್ನೂ ಕೇಳಿಸಿಕೊಂಡಿತ್ತು. ಮಗುವಿಗೆ ತಿಳಿಯದೆಂದು ಭಾವಿಸಿ ಅದರ ಎದುರಿಗೇ ಎಲ್ಲವನ್ನೂ ಮಾತನಾಡುವುದು ನಮ್ಮ ಹಳೆಯ ಅಭ್ಯಾಸ.

ತಂಗಿ ಒಳಗಿನಿಂದಲೇ, “ಅವನು ಇರುವುದು ಅಮೆರಿಕದಲ್ಲಿ ಮಗಾ, ಇಲ್ಲಿಗೆ ಬರುವಾಗ ಹೊತ್ತಾಗ್ತದೆ” ಎಂದಳು. ಅವಳ ಅತ್ತೆ, “ಅದೆಲ್ಲ ಲೊಟ್ಟೆ. ಬಾ, ಗಂಜಿ ಉಣ್ಣು” ಎಂದರು. ಹುಡುಗ ನನ್ನ ಮುಖ ನೋಡಿದ. ನಾನು ಚೀಲದಿಂದ ಹಲಸಿನ ಹಪ್ಪಳ ತೆಗೆದು ಅವನ ಕೈಗಿತ್ತೆ. ಮೂವರು ದೊಡ್ಡವರು, ಮೂರು ಬಗೆಯ ನುಣುಚಿಕೊಳ್ಳುವಿಕೆ. ನಮ್ಮಲ್ಲಿ ಒಬ್ಬರೂ ಉತ್ತರ ಕೊಟ್ಟಿರಲಿಲ್ಲ. ಆ ಸಾಲವನ್ನು ತೀರಿಸಲು ನನಗೆ ಕೆಲವು ತಿಂಗಳೇ ಬೇಕಾದವು. ಆ ಅವಧಿಯಲ್ಲಿ ಓದಿದ್ದು, ಕೇಳಿದ್ದು, ಮತ್ತೆ ಆ ಹುಡುಗನೇ ಕಲಿಸಿದ್ದು ಈ ಬರಹದಲ್ಲಿದೆ. (ಅವರ ಮನೆಮಾತು ಅರೆಭಾಷೆ. ಓದುಗರ ಅನುಕೂಲಕ್ಕಾಗಿ ಮಾತುಗಳನ್ನು ಇಲ್ಲಿ ಊರಿನ ಕನ್ನಡದಲ್ಲಿ ಕೊಟ್ಟಿದ್ದೇನೆ.)

ಪ್ರಶ್ನೆ ಒಂದು, ಒಳಗಿರುವುದು ಇನ್ನೊಂದು

ನಾಲ್ಕೈದು ವರ್ಷದ ಮಕ್ಕಳು ಎಷ್ಟು ಪ್ರಶ್ನೆ ಕೇಳುತ್ತಾರೆ? ಅಮೆರಿಕದ ಸಂಶೋಧಕಿ ಮಿಶೆಲ್ ಶುನಾರ್ಡ್ 2007ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಪುಟ್ಟ ಮಕ್ಕಳ ಮಾತುಗಳನ್ನು ಗಂಟೆಗಟ್ಟಲೆ ದಾಖಲಿಸಿ ಎಣಿಸಿದ್ದಾರೆ. ದೊಡ್ಡವರ ಜೊತೆ ಮಾತಿಗಿಳಿದಾಗ, ಏನನ್ನಾದರೂ ತಿಳಿದುಕೊಳ್ಳಲೆಂದೇ ಕೇಳುವ ಪ್ರಶ್ನೆಗಳು ಗಂಟೆಗೆ ಸರಾಸರಿ 70ಕ್ಕೂ ಹೆಚ್ಚು! ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಉತ್ತರ ಸಿಕ್ಕಿದರೆ ಮಗು ಮುಂದಿನ ಪ್ರಶ್ನೆಗೆ ಹೋಗುತ್ತದೆ. ಸಿಕ್ಕದಿದ್ದರೆ ಅದೇ ಪ್ರಶ್ನೆಯನ್ನು ಮತ್ತೆ ಹಿಡಿಯುತ್ತದೆ. ‘ತಲೆ ತಿನ್ನಬೇಡ’ ಎಂದು ನಾವು ಗದರುವುದು ಬಹುಪಾಲು ನಾವು ಉತ್ತರಿಸದೆ ಬಿಟ್ಟ ಪ್ರಶ್ನೆಗಳಿಗೇ.

ಸೂಪರ್‌ಹೀರೋಗಳ ಕುರಿತ ಪ್ರಶ್ನೆಗಳನ್ನು ನಾವು ಹಗುರವಾಗಿ ಕಾಣುತ್ತೇವೆ. ಕಾರ್ಟೂನಿನ ವಿಷಯವಲ್ಲವೇ ಎಂಬ ಉದಾಸೀನ. ಆದರೆ ಮಗು ತನ್ನ ಲೋಕದ ಅತ್ಯಂತ ಗಹನವಾದ ವಿಚಾರಗಳನ್ನು ಈ ಮುಖವಾಡಧಾರಿಗಳ ಹೆಗಲ ಮೇಲೆ ಹೊರಿಸಿ ತರುತ್ತದೆ. ‘ನನ್ನನ್ನು ಕಾಯುವವರು ಯಾರು?’ ಎಂದು ನೇರವಾಗಿ ಕೇಳುವ ಮಾತು ಅದರ ಬಳಿ ಇಲ್ಲ. ಸ್ಪೈಡರ್‌ಮ್ಯಾನ್ ಬರಲಿಲ್ಲವೇಕೆ ಎಂಬ ಮಾತು ಇದೆ.

ಹಾಗೆಂದು ಎಲ್ಲ ಪ್ರಶ್ನೆಯಲ್ಲೂ ಗೂಢಾರ್ಥ ಹುಡುಕುತ್ತ ಕೂರಬೇಕಿಲ್ಲ. ‘ಸೂಪರ್‌ಮ್ಯಾನ್ ಚಡ್ಡಿಯನ್ನು ಪ್ಯಾಂಟಿನ ಮೇಲೆ ಯಾಕೆ ಹಾಕಿಕೊಳ್ಳುತ್ತಾನೆ?’ ಎಂಬ ಪ್ರಶ್ನೆಗೆ ಚರಿತ್ರೆಯಲ್ಲೇ ಉತ್ತರವಿದೆ. ಜೆರಿ ಸೀಗಲ್ ಮತ್ತು ಜೋ ಶೂಸ್ಟರ್ ಎಂಬ ಇಬ್ಬರು ತರುಣರು ಸೂಪರ್‌ಮ್ಯಾನ್‌ನನ್ನು ಸೃಷ್ಟಿಸಿ 1938ರಲ್ಲಿ ಅವನ ಮೊದಲ ಕಥೆ ಅಚ್ಚಾದಾಗ, ಬಲಶಾಲಿ ಎಂದರೆ ಅಲ್ಲಿನ ಜನರ ಕಣ್ಣಮುಂದೆ ಬರುತ್ತಿದ್ದವನು ಸರ್ಕಸ್ಸಿನ ಪೈಲ್ವಾನ. ಆ ಪೈಲ್ವಾನರು ಬಿಗಿಯುಡುಪಿನ ಮೇಲೆ ಚಡ್ಡಿ ತೊಡುತ್ತಿದ್ದರು. ಚಿತ್ರಕಾರ ಅದನ್ನೇ ಬರೆದ. 2011ರಲ್ಲಿ ಪ್ರಕಾಶಕರು ಆ ಕೆಂಪು ಚಡ್ಡಿಯನ್ನು ತೆಗೆದುಹಾಕಿದರು, 2018ರಲ್ಲಿ ಮರಳಿ ತೊಡಿಸಿದರು. ಮೂತ್ರ ಬಂದರೆ ಅಷ್ಟು ಬಿಗಿಯಾದ ಉಡುಪಿನಲ್ಲಿ ಏನು ಮಾಡುತ್ತಾನೆ ಎಂಬುದಕ್ಕೆ, “ಬಿಚ್ಚಿ ಹಾಕಿ ಹೋಗುತ್ತಾನೆ, ಸಿನಿಮಾದಲ್ಲಿ ತೋರಿಸುವುದಿಲ್ಲ” ಎಂದರೆ ಸಾಕು. ಮಗು ಬಿದ್ದು ಬಿದ್ದು ನಗುತ್ತದೆ, ಆಮೇಲೆ ತೃಪ್ತಿಯಿಂದ ಹೋಗುತ್ತದೆ. ಇಂಥ ಪ್ರಶ್ನೆಗೆ ಮುಜುಗರಪಡುವವರು ದೊಡ್ಡವರು ಮಾತ್ರ.

ತುಸು ಕಷ್ಟವಾದದ್ದು ಹೊಡೆತದ ಪ್ರಶ್ನೆ. “ಹೊಡೆಯಬಾರದು ಅಂತ ಟೀಚರ್ ಹೇಳ್ತಾರೆ, ಸ್ಪೈಡರ್‌ಮ್ಯಾನ್ ಹೊಡೀತಾನಲ್ಲ?” ಇದು ತಲೆಹರಟೆಯಲ್ಲ, ತರ್ಕಬದ್ಧವಾದ ಆಕ್ಷೇಪ. ಅಮೆರಿಕದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ಸಾರಾ ಕಾಯ್ನ್ ಮತ್ತು ಸಂಗಡಿಗರು 240 ಪುಟ್ಟ ಮಕ್ಕಳನ್ನು ಗಮನಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸೂಪರ್‌ಹೀರೋಗಳಲ್ಲಿ ಹೆಚ್ಚು ಮುಳುಗಿದ್ದ ಮಕ್ಕಳು ಒಂದು ವರ್ಷದ ಬಳಿಕ ಹೊಡೆದಾಟದಲ್ಲಿ ಮುಂದಿದ್ದರು, ದುರ್ಬಲರ ಪರವಾಗಿ ನಿಲ್ಲುವುದರಲ್ಲಿ ಮುಂದಿರಲಿಲ್ಲ ಎಂದು ಕಂಡುಬಂತು. ಹೊಡೆತ ಕಣ್ಣಿಗೆ ಕಾಣುತ್ತದೆ. ಅದರ ಹಿಂದಿರುವ ಕಾರಣ ಕಾಣುವುದಿಲ್ಲ. ಐದರ ಹರೆಯದ ಮಗುವಿಗೆ ದಕ್ಕುವುದು ಕಂಡದ್ದಷ್ಟೇ. ಆದ್ದರಿಂದ ಕಾರಣವನ್ನು ಬಾಯಿಬಿಟ್ಟು ಹೇಳಬೇಕಾದವರು ಪಕ್ಕದಲ್ಲಿ ಕುಳಿತು ನೋಡುವ ನಾವು. 1962ರಲ್ಲಿ ಹುಟ್ಟಿದ ಸ್ಪೈಡರ್‌ಮ್ಯಾನ್‌ನ ಕಥೆಯ ತಿರುಳೇ ಅದು. ತನಗೇನೆಂದು ಆತ ಒಬ್ಬ ಕಳ್ಳನನ್ನು ಓಡಲು ಬಿಡುತ್ತಾನೆ, ಅದೇ ಕಳ್ಳ ಅವನ ಚಿಕ್ಕಪ್ಪನನ್ನು ಕೊಲ್ಲುತ್ತಾನೆ. ಸೋದರಳಿಯನಿಗೆ ಇದನ್ನು ಹೇಳಿದಾಗ ಬಹಳ ಹೊತ್ತು ಸುಮ್ಮನಿದ್ದು, “ಹಾಗಾದ್ರೆ ಅವನಿಗೆ ಬೇಜಾರುಂಟು” ಎಂದ. ಅಷ್ಟು ವರ್ಷ ಆ ಚಿತ್ರಗಳನ್ನು ನೋಡಿದ್ದ ನನಗೆ ಆ ವಾಕ್ಯ ಹೊಳೆದಿರಲಿಲ್ಲ.

ಇನ್ನೊಂದು ದಿನ ಬಂದ ಪ್ರಶ್ನೆ, “ಕಪ್ಪಗೆ ಇರುವವರು ಕೆಟ್ಟವರಾ?” ಎಲ್ಲಿಂದ ಬಂತೆಂದು ಹುಡುಕಬೇಕಾಗಲಿಲ್ಲ. 2008ರಿಂದ ನಮ್ಮ ಮಕ್ಕಳ ಮೆಚ್ಚಿನವನಾಗಿರುವ ಛೋಟಾ ಭೀಮನ ಕಥೆಯಲ್ಲಿ ಅವನನ್ನು ಸದಾ ಕಾಡುವ ಪುಂಡ ಹುಡುಗನ ಹೆಸರು ಕಾಲಿಯಾ. ಇಲ್ಲಿ ಮೆಲ್ಲಗೆ ಜಾರಿಕೊಳ್ಳುವಂತಿಲ್ಲ. ‘ಅಲ್ಲ’ ಎಂದು ಮೊದಲು ಸ್ಪಷ್ಟವಾಗಿ ಹೇಳಿ, ಆಮೇಲೆ ರಾಮ ಯಾವ ಬಣ್ಣ, ಕೃಷ್ಣ ಯಾವ ಬಣ್ಣ, ತೋಟಕ್ಕೆ ಬರುವ ಅವನ ಮೆಚ್ಚಿನ ಚನಿಯಜ್ಜ ಯಾವ ಬಣ್ಣ ಎಂದು ಅವನನ್ನೇ ಕೇಳಿದರಾಯಿತು.

ಹನುಮಂತನ ಮುರಿದ ದವಡೆ

ಹಾರುವ ಮಾತಿಗೆ ಬರೋಣ. ಇದು ನಗುವ ವಿಷಯವಲ್ಲ. 1997ರಿಂದ 2005ರವರೆಗೆ ದೂರದರ್ಶನದಲ್ಲಿ ಬಂದ ‘ಶಕ್ತಿಮಾನ್’ ಧಾರಾವಾಹಿಯನ್ನು ಇಂದಿನ ತಂದೆತಾಯಂದಿರಲ್ಲಿ ಹೆಚ್ಚಿನವರು ಬಾಲ್ಯದಲ್ಲಿ ನೋಡಿದವರೇ. ಹಿಂದಿ ಬಾರದ ಹಳ್ಳಿಗಳಲ್ಲೂ ಮಕ್ಕಳು ಒಂದು ಕೈ ಮೇಲೆತ್ತಿ ಗಿರಗಿರನೆ ತಿರುಗುತ್ತಿದ್ದರು. ಆತ ಬಂದು ಕಾಪಾಡುತ್ತಾನೆಂದು ನಂಬಿ ಮಕ್ಕಳು ಅಪಾಯಕ್ಕೆ ಒಡ್ಡಿಕೊಂಡ ವರದಿಗಳು ಆಗ ದೇಶದ ಬೇರೆಬೇರೆ ಕಡೆಗಳಿಂದ ಬಂದವು. ನಟ ಮುಖೇಶ್ ಖನ್ನಾ ಅಂಥ ವರದಿಗಳನ್ನು ಒಪ್ಪಲಿಲ್ಲ. ಆದರೂ, ತನ್ನನ್ನು ಅನುಕರಿಸಬೇಡಿ ಎಂದು ಅದೇ ವೇಷದಲ್ಲಿ ಮಕ್ಕಳಿಗೆ ತಿಳಿಹೇಳಬೇಕಾಯಿತು. ಬ್ರಿಟನ್ನಿನ ವೈದ್ಯರು 2007ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ, ಸೂಪರ್‌ಹೀರೋ ಉಡುಪು ತೊಟ್ಟು ತೀವ್ರವಾಗಿ ಗಾಯಗೊಂಡ ಐವರು ಮಕ್ಕಳ ವಿವರ ಪ್ರಕಟಿಸಿದರು. ಅವರಲ್ಲಿ ಹೆಚ್ಚಿನವರು ಹಾರಲು ಹೋಗಿ ಬಿದ್ದವರು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ನಾಲ್ಕೈದು ವರ್ಷದ ಮಗುವಿಗೆ ಕಥೆಗೂ ನಿಜಕ್ಕೂ ವ್ಯತ್ಯಾಸವೇ ಗೊತ್ತಿಲ್ಲವೆಂದಲ್ಲ. ಮಣ್ಣಿನ ಇಡ್ಲಿ ಬಡಿಸುವ ಮಗು ಅದನ್ನು ತಿನ್ನುವುದಿಲ್ಲ. ಆದರೆ ಆಟ ಬಿರುಸಾದಾಗ, ಹೆದರಿಕೆ ಆವರಿಸಿದಾಗ, ಆ ಗಡಿಗೆರೆ ಮಸುಕಾಗುತ್ತದೆ. ಸಾಮಾನ್ಯ ಹೊತ್ತಿನಲ್ಲಿ ‘ಅದು ಕಾರ್ಟೂನು’ ಎಂದು ನಮಗೇ ಬುದ್ಧಿ ಹೇಳುವ ಮಗು, ಗುಡುಗಿನ ರಾತ್ರಿಯಲ್ಲಿ ಅದನ್ನೇ ನಂಬಿ ಕಾಯುತ್ತಿರಬಹುದು.

ಹಾರುವ ಆಸೆಗೆ ನಾನು ಕಂಡುಕೊಂಡ ಅತ್ಯುತ್ತಮ ಉತ್ತರ ವಾಲ್ಮೀಕಿಯದು. “ಹನುಮಂತ ಮತ್ತು ಸೂಪರ್‌ಮ್ಯಾನ್‌ನಲ್ಲಿ ಯಾರಿಗೆ ಶಕ್ತಿ ಜಾಸ್ತಿ?” ಎಂಬ ಪ್ರಶ್ನೆ ನಮ್ಮ ಮನೆಗಳಲ್ಲಿ ಬಂದೇ ಬರುತ್ತದೆ. ಹೆಚ್ಚಿನ ಹಿರಿಯರು ಕ್ಷಣವೂ ತಡಮಾಡದೆ ಹನುಮಂತನೆಂದು ತೀರ್ಪು ಕೊಟ್ಟು ಮುಗಿಸುತ್ತಾರೆ. ಒಳ್ಳೆಯ ಅವಕಾಶವೊಂದು ಅಲ್ಲಿಗೆ ಹಾಳಾಗುತ್ತದೆ. ಸೂರ್ಯನನ್ನು ಹಣ್ಣೆಂದು ತಿಳಿದು ಹಾರಿದ ಬಾಲ ಹನುಮಂತ ಇಂದ್ರನ ವಜ್ರಾಯುಧದ ಏಟಿಗೆ ಕೆಳಗೆ ಬಿದ್ದ, ಅವನ ದವಡೆ ಮುರಿಯಿತು, ಆ ಹೆಸರು ಬಂದದ್ದೇ ಅದರಿಂದ. ಮುಂದೆ ತುಂಟತನ ತಾಳಲಾರದೆ ಋಷಿಗಳು ಶಪಿಸಿದ್ದರಿಂದ ತನ್ನ ಬಲವೇ ಅವನಿಗೆ ಮರೆತುಹೋಯಿತು. ಸಮುದ್ರದ ದಡದಲ್ಲಿ ಜಾಂಬವಂತ ನೆನಪಿಸಿದ ಮೇಲೆಯೇ ಅವನು ಹಾರಿದ್ದು. ಬಿದ್ದರೆ ಮುರಿಯುತ್ತದೆ, ಹಾರುವ ಮೊದಲು ಹಿರಿಯರೊಬ್ಬರು ಜೊತೆಗಿರಬೇಕು ಎಂಬೆರಡೂ ಆ ಕಥೆಯೊಳಗೇ ಇವೆ. ನಮ್ಮ ಹುಡುಗ ಜಗಲಿಯ ಕಟ್ಟೆಯಿಂದ ಜಿಗಿಯುವ ಮೊದಲು, “ಜಾಂಬವಂತ ಮಾವಾ” ಎಂದು ಕೂಗುವ ಪರಿಪಾಠ ಇಟ್ಟುಕೊಂಡಿದ್ದ. ನನಗೆ ಕರಡಿಯ ಪಟ್ಟ ಸಿಕ್ಕಿದ್ದು ಹಾಗೆ.

ಇನ್ನು ಆ ವೇಷ ಬೇಡವೇ ಬೇಡವೆಂದು ಕಿತ್ತಿಡುವವರಿಗೆ ಒಂದು ಮಾತು. ನಾಲ್ಕು ಮತ್ತು ಆರು ವರ್ಷದ 180 ಮಕ್ಕಳಿಗೆ ಬೇಸರ ಹಿಡಿಸುವ ಕೆಲಸವೊಂದನ್ನು ಕೊಟ್ಟು, ಮಗ್ಗುಲಲ್ಲಿ ಆಟದ ಆಮಿಷವಿಟ್ಟು ನೋಡಿದ ಪ್ರಯೋಗವೂ 2017ರಲ್ಲಿ ಪ್ರಕಟವಾಗಿದೆ. ತಾನು ಬ್ಯಾಟ್‌ಮ್ಯಾನ್‌ನಂಥ ಪಾತ್ರವೆಂದು ಭಾವಿಸಿಕೊಂಡ ಮಕ್ಕಳು, ತಾನು ತಾನೇ ಆಗಿ ಉಳಿದವರಿಗಿಂತ ಹೆಚ್ಚು ಹೊತ್ತು ಕೆಲಸಕ್ಕೆ ಅಂಟಿಕೊಂಡರು. ನೆಬುಲೈಸರಿನ ಮುಂದೆ ಕೂರಲು ಅಳುವ ಮಗು, ಮುಖವಾಡದ ನೆಪದಲ್ಲಿ ಕೂರುವುದಾದರೆ ಕೂರಲಿ ಬಿಡಿ.

ಚೌಕಿಯಲ್ಲಿ ಚಹಾ ಕುಡಿಯುವ ಮಹಿಷಾಸುರ

ವೇಷ ಮತ್ತು ಮನುಷ್ಯ ಬೇರೆಬೇರೆ ಎಂದು ಮಗುವಿಗೆ ಕಲಿಸಲು ಕರಾವಳಿಯವರಿಗೆ ಇರುವಷ್ಟು ಅನುಕೂಲ ಬೇರೆಯವರಿಗಿಲ್ಲ. ಯಕ್ಷಗಾನ ಬಯಲಾಟದ ‘ದೇವಿ ಮಹಾತ್ಮೆ’ಯಲ್ಲಿ ಮಹಿಷಾಸುರ ರಂಗದ ಹಿಂದಿನಿಂದ ಬರುವುದಿಲ್ಲ. ದೊಂದಿ ಬೆಳಕಿನಲ್ಲಿ, ಆರ್ಭಟಿಸುತ್ತ, ಪ್ರೇಕ್ಷಕರ ನಡುವಿನಿಂದಲೇ ನುಗ್ಗುತ್ತಾನೆ. ಅಪ್ಪನ ಮಡಿಲಲ್ಲಿ ಮುಖ ಹುದುಗಿಸಿ ಅತ್ತ ಮಗುವನ್ನು ಮರುವರ್ಷ ಚೌಕಿಗೆ ಕರೆದೊಯ್ಯುವುದು ನಮ್ಮಲ್ಲಿ ರೂಢಿ. ಅರ್ಧ ಬಣ್ಣ ಬಳಿದ ಮಹಿಷಾಸುರ ಕೊಂಬು ಕಟ್ಟುವ ಮೊದಲು ಚಹಾ ಕುಡಿಯುತ್ತಿರುತ್ತಾನೆ, ಮಗುವನ್ನು ಕಂಡು “ಎಷ್ಟನೇ ಕ್ಲಾಸು?” ಎನ್ನುತ್ತಾನೆ. ಹೆದರಿಕೆ ಅಲ್ಲಿಗೆ ಇಳಿಯುತ್ತದೆ. ಸೋಜಿಗವೆಂದರೆ ರಂಗದ ಮೇಲಿನ ಆಕರ್ಷಣೆ ಇಳಿಯುವುದಿಲ್ಲ. ‘ಅವನು ವೇಷಧಾರಿ’ ಎಂದು ತಿಳಿದೇ ಮಗು ಮತ್ತೆ ಬೆಚ್ಚುತ್ತದೆ, ಮತ್ತೆ ನೋಡುತ್ತದೆ. ಸ್ಪೈಡರ್‌ಮ್ಯಾನ್ ನಿಜವೇ ಎಂದು ಕೇಳುವ ಮಗುವಿಗೆ, ಹಾಲಿವುಡ್ಡಿನ ಚೌಕಿಯನ್ನೂ ತೋರಿಸಬಹುದು. ಹಗ್ಗ ಕಟ್ಟಿ ನಟನನ್ನು ಎತ್ತುವ, ಹಿಂದೆ ಹಸಿರು ಪರದೆ ಬಿಡುವ ದೃಶ್ಯಗಳು ಮೊಬೈಲಿನಲ್ಲೇ ಸಿಗುತ್ತವೆ. ‘ಲೊಟ್ಟೆ’ ಎಂಬ ಒಂದೇ ಶಬ್ದದಿಂದ ಅವನ ಲೋಕವನ್ನು ಒರೆಸಿಹಾಕುವುದಕ್ಕಿಂತ, ಅದನ್ನು ಹೇಗೆ ಕಟ್ಟುತ್ತಾರೆಂದು ತೋರಿಸುವುದು ಲೇಸು.

ಆದರೆ ಕಥೆ ಇಲ್ಲಿಗೆ ಮುಗಿಯಲಿಲ್ಲ. ಆ ವರ್ಷ ಸೆಪ್ಟೆಂಬರ್ 30ರಂದು ‘ಕಾಂತಾರ’ ಬಿಡುಗಡೆಯಾಯಿತು. ನಾಡಿನ ಉದ್ದಗಲಕ್ಕೂ ಮಕ್ಕಳು ‘ಓ…’ ಎಂದು ಕೂಗತೊಡಗಿದರು. ಬೆಂಗಳೂರು, ಮೈಸೂರುಗಳ ಮಕ್ಕಳಿಗೆ ಅದೊಂದು ಹೊಸ ಸೂಪರ್‌ಹೀರೋ ಕೂಗು. ಕರಾವಳಿಯ ಮನೆಗಳಲ್ಲಿ ಹಾಗಲ್ಲ. ಇಲ್ಲಿ ಪಂಜುರ್ಲಿಯೂ ಗುಳಿಗನೂ ಸಿನಿಮಾದ ಪಾತ್ರಗಳಲ್ಲ, ಹರಕೆ ಹೇಳಿಕೊಳ್ಳುವ ದೈವಗಳು. ಛದ್ಮವೇಷ, ರೀಲ್ಸುಗಳಲ್ಲಿ ದೈವದ ಅನುಕರಣೆ ಸಲ್ಲದೆಂದು ದೈವಾರಾಧಕರು ಗಟ್ಟಿಯಾಗಿಯೇ ಆಕ್ಷೇಪಿಸಿದರು. ಕೂಗಿದ್ದಕ್ಕೆ ಅಜ್ಜಿಯಿಂದ ಬೈಗುಳ ತಿಂದ ಸೋದರಳಿಯ, ದೀಪಾವಳಿಗೆ ಹೋದಾಗ ನನ್ನನ್ನು ಮೂಲೆಗೆ ಕರೆದು ಕೇಳಿದ: “ಸ್ಪೈಡರ್‌ಮ್ಯಾನ್ ಆಗ್ಬಹುದು, ಪಂಜುರ್ಲಿ ಯಾಕೆ ಆಗ್ಬಾರ್ದು? ಅದೂ ಬಣ್ಣ ಹಾಕಿದ ಮನುಷ್ಯನೇ ಅಲ್ವಾ?”

ನನ್ನ ಮಟ್ಟಿಗೆ ಎಲ್ಲ ಪ್ರಶ್ನೆಗಳಲ್ಲೂ ಕಠಿಣವಾದದ್ದು ಇದು. ಚೌಕಿಯ ತರ್ಕವನ್ನು ಅವನಿಗೆ ಕಲಿಸಿದವನು ನಾನೇ. ಈಗ ಅದನ್ನು ಅರ್ಧದಾರಿಯಲ್ಲಿ ತಡೆಯುವುದು ಹೇಗೆ? ಸುಳ್ಳು ಹೇಳಬಾರದು, ಮನೆಯವರ ಶ್ರದ್ಧೆಯನ್ನು ಅವನ ಮುಂದೆ ಹಗುರ ಮಾಡಲೂಬಾರದು. ಕೊನೆಗೆ ಹೇಳಿದ್ದು ಇಷ್ಟು: “ಬಣ್ಣ ಹಾಕುವವರು ಮನುಷ್ಯರೇ, ಹೌದು. ಆದರೆ ಅವರು ಆಟ ಆಡುವುದಲ್ಲ. ಕಟ್ಟುವ ಮೊದಲು ಉಪವಾಸ, ನೇಮ ಎಲ್ಲ ಉಂಟು. ಆ ಹೊತ್ತಿನಲ್ಲಿ ದೈವವೇ ಬರುತ್ತದೆ ಎಂದು ಅಜ್ಜಿ ನಂಬುತ್ತಾರೆ, ಊರಿನವರು ನಂಬುತ್ತಾರೆ. ಯಾರಾದರೂ ನಂಬಿ ಕೈಮುಗಿಯುವುದನ್ನು ನಾವು ಆಟಕ್ಕೆ ಮಾಡುವುದಿಲ್ಲ.” ನಲಿಕೆ, ಪರವ, ಪಂಬದ ಸಮುದಾಯದವರು ತಲೆಮಾರುಗಳಿಂದ ಹೊತ್ತುಬಂದ ಹೊಣೆಯದು ಎಂಬುದನ್ನು ಇನ್ನಷ್ಟು ದೊಡ್ಡವನಾದ ಮೇಲೆ ಹೇಳಬಹುದು. “ನೀನು ನಂಬ್ತೀಯಾ ಮಾವ?” ಎಂದು ಆತ ಕೇಳಿಯೇ ಕೇಳಿದ. ನನಗೆ ನಿಜವಾಗಿ ಅನ್ನಿಸಿದ್ದನ್ನು ಹೇಳಿದೆ. ಅದೇನೆಂಬುದು ನಮ್ಮಿಬ್ಬರ ನಡುವೆ ಇರಲಿ. ‘ನಿಜ’ ಮತ್ತು ‘ಸುಳ್ಳು’ಗಳ ನಡುವೆ ‘ಕಥೆ’ ಎಂಬುದೊಂದು, ‘ನಂಬಿಕೆ’ ಎಂಬುದೊಂದು ಇದೆಯೆಂದು ಐದರ ಮಗುವಿಗೆ ಹೇಳಿದರೆ ತಿಳಿಯುತ್ತದೆ.

ಸತ್ತವರು ತಿರುಗಿ ಬರುತ್ತಾರೆಯೇ?

1992ರಲ್ಲಿ ಸೂಪರ್‌ಮ್ಯಾನ್ ಸತ್ತ. ಜಗತ್ತಿನ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು, ಕಾಮಿಕ್ಸ್ ಪುಸ್ತಕ ಲಕ್ಷಗಟ್ಟಲೆ ಖರ್ಚಾಯಿತು. ಮರುವರ್ಷವೇ ಅವನು ಬದುಕಿ ಬಂದ. ಸೂಪರ್‌ಹೀರೋಗಳ ಲೋಕದಲ್ಲಿ ಸಾವೆಂದರೆ ದೀರ್ಘ ರಜೆ. ಹಂಗೇರಿಯ ಮನೋವಿಜ್ಞಾನಿ ಮರಿಯಾ ನಾಜ್ 3ರಿಂದ 10 ವರ್ಷದ 378 ಮಕ್ಕಳನ್ನು ಮಾತನಾಡಿಸಿ 1948ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಐದರೊಳಗಿನ ಮಕ್ಕಳು ಸಾವನ್ನು ಕಾಣುವುದೂ ಹಾಗೆಯೇ, ಎಲ್ಲಿಗೋ ಹೋದಂತೆ, ಮಲಗಿದಂತೆ. ಒಂಬತ್ತರ ಆಸುಪಾಸಿಗೆ ಬರುವಾಗ ಮಾತ್ರ ಅದು ಎಲ್ಲರಿಗೂ ಬರುವಂಥದು, ಮರಳಿ ಬಾರದಂಥದು ಎಂಬ ಅರಿವು ಗಟ್ಟಿಯಾಗುತ್ತದೆ. ಇಂದಿನ ಮಕ್ಕಳು ಇನ್ನೂ ಬೇಗ ತಿಳಿಯುತ್ತಾರೆಂದು ನಂತರದ ಅಧ್ಯಯನಗಳು ಹೇಳುತ್ತವೆ. ಅದಿರಲಿ. ಅಜ್ಜ ತೀರಿಕೊಂಡಾಗ ‘ದೂರ ಊರಿಗೆ ಹೋಗಿದ್ದಾರೆ’, ‘ಮಲಗಿದ್ದಾರೆ’ ಎನ್ನುವ ನಾವು ಮಗುವಿನ ತಪ್ಪು ತಿಳಿವಳಿಕೆಗೆ ನೀರೆರೆಯುತ್ತೇವೆ. ಆಮೇಲೆ ಮಗು ಮಲಗಲು ಹೆದರಿದರೆ, ಬಸ್ಸು ಬಂದಾಗಲೆಲ್ಲ ಬಾಗಿಲಿಗೆ ಓಡಿದರೆ ಅಚ್ಚರಿಪಡುತ್ತೇವೆ.

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಕರ್ನಾಟಕದ ಎಷ್ಟು ಮನೆಗಳಲ್ಲಿ ಈ ಪ್ರಶ್ನೆ ಎದ್ದಿತೋ! ತೆರೆಯ ಮೇಲೆ ಹತ್ತು ಮಂದಿಯನ್ನು ಒಟ್ಟಿಗೆ ಹೊಡೆದುರುಳಿಸುತ್ತಿದ್ದ ಅಪ್ಪುಗೆ ಏನೂ ಆಗದೆಂದು ಮಕ್ಕಳಷ್ಟೇ ಅಲ್ಲ, ನಾವೂ ಒಳಗೊಳಗೆ ನಂಬಿದ್ದೆವು. ಅವರ ಕಣ್ಣುಗಳಿಂದ ನಾಲ್ವರು ದೃಷ್ಟಿ ಪಡೆದ ಸಂಗತಿಯನ್ನು ಮಕ್ಕಳಿಗೆ ಹೇಳಿದವರು ಒಳ್ಳೆಯ ಕೆಲಸ ಮಾಡಿದರು. ಅದು ಸಾಂತ್ವನದ ಕಟ್ಟುಕಥೆಯಲ್ಲ, ನಡೆದದ್ದು.

ಕೊಲ್ಲಮೊಗ್ರುವಿನ ಸೀಮೆಗೆ ತನ್ನದೇ ವೀರರಿದ್ದಾರೆ. ಪಂಜದ ಸಮೀಪದ ಎಣ್ಮೂರು ಕೋಟಿ–ಚೆನ್ನಯರ ಕೊನೆಯ ಕಾಳಗದ ನೆಲ. ತುಳು ಪಾಡ್ದನಗಳ ಈ ಅವಳಿ ವೀರರಿಗೆ ಹಾರಲು ಬರುತ್ತಿರಲಿಲ್ಲ, ಗೋಡೆ ಹತ್ತುವ ವರವಿರಲಿಲ್ಲ. ವೈದ್ಯೆಯಾಗಿದ್ದ ತಾಯಿ ದೇಯಿ ಬೈದೆತಿಯನ್ನು ಎಳವೆಯಲ್ಲೇ ಕಳೆದುಕೊಂಡವರು. ಗದ್ದೆಯ ನೀರಿನ ನ್ಯಾಯಕ್ಕಾಗಿ ಬುದ್ಯಂತನನ್ನು ಎದುರಿಸಿ ಊರು ಬಿಟ್ಟವರು. ಎಣ್ಮೂರಿನ ಯುದ್ಧದಲ್ಲಿ ಹಿಂದಿನಿಂದ ಬಂದ ಬಾಣಕ್ಕೆ ಕೋಟಿ ಬಿದ್ದ, ಮತ್ತೆ ಏಳಲಿಲ್ಲ. ಚೆನ್ನಯನೂ ಉಳಿಯಲಿಲ್ಲ. ಗರಡಿಗಳಲ್ಲಿ ಇಂದಿಗೂ ನೇಮ ನಡೆಯುತ್ತದೆ, ಆದರೆ ಮುಂದಿನ ಸಂಚಿಕೆಯಲ್ಲಿ ಅವರು ಎದ್ದು ಬರುವುದಿಲ್ಲ. ಸತ್ತವರು ಬರುವುದಿಲ್ಲ, ನಾವು ಅವರನ್ನು ಮರೆಯುವುದಿಲ್ಲ ಎಂಬುದನ್ನು ಈ ಕಥೆಗಿಂತ ಸರಳವಾಗಿ ನಾನು ಹೇಳಲಾರೆ. “ಅಷ್ಟು ಒಳ್ಳೆಯವರನ್ನು ದೇವರು ಯಾಕೆ ಉಳಿಸಲಿಲ್ಲ?” ಎಂದು ಆತ ಕೇಳಿದಾಗ, ಗೊತ್ತಿಲ್ಲವೆಂದೆ. ‘ಗೊತ್ತಿಲ್ಲ’ ಎಂಬುದೂ ಉತ್ತರವೇ, ಅದು ನಿಜವಾಗಿದ್ದರೆ.

ಆ ದಿನ ಬಂದವರು

ಆಗಸ್ಟಿನ ಪ್ರಶ್ನೆ ಹಾಗೆಯೇ ಉಳಿದಿತ್ತು. ಮರುವರ್ಷ ಮಳೆಗಾಲ ಶುರುವಾಗುವ ಮೊದಲು, ಅವನು ಅದನ್ನು ಮತ್ತೆ ಎತ್ತಿದ. ಹಪ್ಪಳ ಕೊಟ್ಟು ಮರೆಸಿದೆನೆಂದು ನಾನು ತಿಳಿದದ್ದು ಸುಳ್ಳಾಯಿತು. ಈ ಬಾರಿ ಕೆಳಗೆ ಅವನ ಸಮಕ್ಕೆ ಕುಳಿತೆ. “ನಿನಗೆ ಏನನ್ನಿಸ್ತದೆ, ಯಾಕೆ ಬರ್ಲಿಲ್ಲ?” ಎಂದು ಮೊದಲು ಅವನನ್ನೇ ಕೇಳಿದೆ. ಎಲ್ಲ ಮಕ್ಕಳ ವಿಷಯದಲ್ಲೂ ಇದು ಉಪಯುಕ್ತ; ನಾವು ಊಹಿಸುವುದು ಒಂದು, ಮಗುವಿನ ತಲೆಯಲ್ಲಿರುವುದು ಇನ್ನೊಂದು. ಅವನ ಉತ್ತರ ಕೇಳಿ ಎದೆ ಝಲ್ಲೆಂದಿತು. “ಆ ಅಕ್ಕಂದಿರು ಗಲಾಟೆ ಮಾಡಿದ್ರಾ? ಗಲಾಟೆ ಮಾಡಿದ್ರೆ ಬರುದಿಲ್ಲ ಅಂತ ಅಮ್ಮ ಹೇಳ್ತಾರೆ.”

ಹತ್ತು ತಿಂಗಳು ಆ ಮಗು ಇದನ್ನು ಒಳಗಿಟ್ಟುಕೊಂಡಿತ್ತು. ಊಟ ಮಾಡದಿದ್ದರೆ ಸ್ಪೈಡರ್‌ಮ್ಯಾನ್ ಬರುವುದಿಲ್ಲ, ಹಠ ಮಾಡಿದರೆ ದೇವರು ನೋಡುತ್ತಾನೆ ಎಂದು ನಾವು ದಿನಕ್ಕೆ ಹತ್ತು ಸಲ ಲೋಕಾಭಿರಾಮವಾಗಿ ಹೇಳುವ ಮಾತುಗಳನ್ನು ಮಕ್ಕಳು ಒಂದಕ್ಕೊಂದು ಪೋಣಿಸುತ್ತಾರೆ. ಸಂಕಟ ಬಂದವರು ತಪ್ಪು ಮಾಡಿದವರಿರಬೇಕು ಎಂಬಲ್ಲಿಗೆ ಅವರು ತಲುಪುವುದು ಹೀಗೆ.

“ಇಲ್ಲ. ಅವರು ಏನೂ ತಪ್ಪು ಮಾಡಲಿಲ್ಲ. ಯಾರದೂ ತಪ್ಪಲ್ಲ” ಎಂದೆ, ಎರಡು ಸಲ. “ತುಂಬ ಮಳೆ ಬಂದು ಗುಡ್ಡ ಸಡಿಲಾಯಿತು, ಜಾರಿತು. ಸ್ಪೈಡರ್‌ಮ್ಯಾನ್ ಕಥೆಯವನು. ಕಥೆಯಿಂದ ಹೊರಗೆ ಬರಲಿಕ್ಕೆ ಅವನಿಗೆ ಆಗುವುದಿಲ್ಲ. ಆ ದಿನ ಬಂದವರು ಮನುಷ್ಯರು. ಊರಿನವರು ಬಂದರು, ರಕ್ಷಣೆಯವರು ಬಂದರು, ಮಳೆಯಲ್ಲೇ ಮಣ್ಣು ತೆಗೆದರು. ಆದರೂ ಆ ಅಕ್ಕಂದಿರನ್ನು ಉಳಿಸಲಿಕ್ಕೆ ಆಗಲಿಲ್ಲ. ನಮಗೆಲ್ಲ ಅದರ ಬೇಸರ ಉಂಟು.”

ಸ್ವಲ್ಪ ಹೊತ್ತಿನ ಬಳಿಕ, “ನಮ್ಮ ಮನೆಯ ಗುಡ್ಡ?” ಎಂದ.

ಇಲ್ಲೇ ಬಹುತೇಕ ಹಿರಿಯರು ‘ಏನೂ ಆಗುವುದಿಲ್ಲ’ ಎಂದುಬಿಡುತ್ತಾರೆ. ಘಟ್ಟದ ಬುಡದಲ್ಲಿ ಬದುಕುವವರು ಹಾಗೆ ಆಣೆ ಮಾಡಿ ಹೇಳಲಾರರು. 2018ರ ಆಗಸ್ಟಿನಲ್ಲಿ ಇಲ್ಲಿಂದ ದೂರವಲ್ಲದ ಜೋಡುಪಾಲದಲ್ಲಿ ಗುಡ್ಡಗಳೇ ಇಳಿದು ಬಂದದ್ದನ್ನು ಈ ಕಡೆಯವರು ಕಂಡಿದ್ದಾರೆ. ಸುಳ್ಳು ಭರವಸೆಯ ಬದಲು ನಾನು ಮತ್ತು ತಂಗಿ ಅವನನ್ನು ಕರೆದುಕೊಂಡು ಮನೆಯ ಹಿಂದಿನ ಬರೆಯನ್ನು ನೋಡಿಬಂದೆವು. ನೀರು ಹರಿದುಹೋಗುವ ಕಣಿ ಎಲ್ಲಿದೆ, ಮಣ್ಣಿನಲ್ಲಿ ಬಿರುಕು ಕಂಡರೆ, ಒರತೆಯ ನೀರು ಇದ್ದಕ್ಕಿದ್ದಂತೆ ಕೆಂಪಾದರೆ ದೊಡ್ಡವರಿಗೆ ಹೇಳಬೇಕು ಎಂದು ತೋರಿಸಿದೆವು. ರಾತ್ರಿ ಬಹಳ ಮಳೆಯೆಂದಾದರೆ ರಸ್ತೆಯಾಚೆಯ ದೊಡ್ಡಪ್ಪನ ಮನೆಗೆ ಹೋಗಿ ಮಲಗುವುದೆಂದು ತೀರ್ಮಾನವಾಯಿತು. 112ಕ್ಕೆ ಫೋನ್ ಮಾಡಿದರೆ ಪೊಲೀಸರು, ಅಗ್ನಿಶಾಮಕದವರು, ಆಂಬುಲೆನ್ಸಿನವರು ಸಿಗುತ್ತಾರೆಂದು ಅವನಿಗೆ ಹೇಳಿಕೊಟ್ಟೆವು. ಒಂದು, ಒಂದು, ಎರಡು ಎಂದು ರಾಗವಾಗಿ ಹೇಳುತ್ತ ಅಂಗಳದಲ್ಲಿ ಎರಡು ಸುತ್ತು ಓಡಿದ. ಮನೆಯವರ ಹೆಸರು, ಊರಿನ ಹೆಸರು ಬಾಯಿಪಾಠ ಒಪ್ಪಿಸಿದ.

ಮಲಗುವ ಮೊದಲು ಚಾವಡಿಯ ಗೋಡೆಯ ಮುಂದೆ ನಿಂತು ಮೇಲೆ ನೋಡುತ್ತಿದ್ದ. ಏನೆಂದು ಕೇಳಿದೆ.

“ಟಾರ್ಚನ್ನು ಕೆಳಗಿನ ಮೊಳೆಗೆ ಹಾಕಿ ಮಾವ. ನಂಗೆ ಎಟಕುದಿಲ್ಲ.”